ಎಣ್ಣೆ ತಿನ್ನೋ ಹುಳ

"ತೆಗೀಲೇ ಕೈ! ಆ ಬೆಲ್ಲ ನಿಮ್ಮವ್ವನ ಮದಿವಿಗೆ ತಂದಿಲ್ಲ, ಹುಳಕ್ಕ ತಂದಿದ್ದು!"

ಮೇಸ್ತ್ರಿ ಹಾಲೇಶನ ಕೂಗಿಗೆ ತಾಯಕ್ಕ ಬೆಲ್ಲದ ಚೂರನ್ನು ಕೈಬಿಟ್ಟಳು. ಬಸುರಿ ಸೊಸೆ ಸುನಿತಾ ಬಿಸಿಲಿಗೆ ಕಣ್ಣು ಕತ್ತಲಿಟ್ಟು ಕೂತಿದ್ದಳು. ಅವಳ ಬಾಯಿಗೆ ಹಾಕಲು ತೆಗೆದದ್ದು.

ಹೊಸಪೇಟೆಯ ಹೊರಗೆ ಗಾದಿಲಿಂಗಪ್ಪ ಸಾವ್ಕಾರನ ಕಾರ್ಖಾನೆ. ಅದಿರು ಲಾರಿಗಳ ಹಳೇ ಎಂಜಿನ್ ಎಣ್ಣೆ ಕಾಯಿಸಿ, ಸೋಸಿ ಮಾರುತ್ತಿದ್ದ ಅವನು ಉಳಿದ ಕರಿ ಗಸಿಯನ್ನು ವರ್ಷಗಟ್ಟಲೆ ಹಿತ್ತಲ ಗುಂಡಿಗೆ ಸುರಿದಿದ್ದ. ಅದು ಇಳಿದು ಇಳಿದು ಪಕ್ಕದ ತಾಯಕ್ಕನ ಕೇರಿಯ ಬಾವಿ ಸೇರಿತು. ಆ ನೀರು ಕುಡಿದೇ ತಾಯಕ್ಕನ ಗಂಡ ಪಕೀರಪ್ಪ ಹೊಟ್ಟೆ ಉಬ್ಬಿ ಸತ್ತ. ದೂರು ಜೋರಾದಾಗ ಸಾವ್ಕಾರ ಕೇರಿಗೆ ನೀರಿನ ಟ್ಯಾಂಕರ್ ಕಳಿಸಿದ, ಗುಂಡಿಗೆ ಕ್ಯಾನುಗಳಲ್ಲಿ 'ಹುಳ' ತರಿಸಿದ. ಕಣ್ಣಿಗೆ ಕಾಣದ ಮಣ್ಣಿನ ಬ್ಯಾಕ್ಟೀರಿಯಾ; ಎಣ್ಣೆಯನ್ನೇ ತಿಂದು ಬದುಕುತ್ತವಂತೆ. ಸಗಣಿ, ಬೆಲ್ಲದ ನೀರು ಉಣಿಸಿ, ಗಾಳಿಯಾಡುವಂತೆ ಮಣ್ಣು ಮಗುಚುತ್ತಿರಬೇಕು. ಕೇರಿಯ ಹೆಂಗಸರು ಬರಿಗಾಲಲ್ಲಿ ನಿಂತು ಮಗುಚಿದರು.

ಹುಳದ ಮಾತು ಸುಳ್ಳಲ್ಲ. ಮಗುಚಿದ ಮೂಲೆಯಲ್ಲಿ ನಾತ ಹೋಗಿ, ಮಳೆಗೆ ಗರಿಕೆ ಚಿಗುರಿತು. ಆದರೆ ಹುಳದ ಕೆಲಸ ನಿಧಾನ, ಸಾವ್ಕಾರನಿಗೆ ತಡೆಯಲಿಲ್ಲ. ಉಳಿದ ಗುಂಡಿಗೆಲ್ಲ ಕೆಂಪು ಮಣ್ಣು ಮುಚ್ಚಿಸಿ, ತಪಾಸಣೆಗೆ ಮಾಲಿನ್ಯ ಮಂಡಳಿಯ ಅಧಿಕಾರಿಯನ್ನು ಕರೆಸಿದ.

ಹೆಂಗಸರು ಸಲಿಕೆ, ಬುಟ್ಟಿ ಹಿಡಿದು ಬಿಸಿಲಲ್ಲಿದ್ದರು. ಬಂದ ಅಧಿಕಾರಿ ನೆರಳಲ್ಲೇ ನಿಂತು ಎಳನೀರು ಕುಡಿದ.

"ಹುಳ ಎಲ್ಲಾ ತಿಂದು ಮುಗಿಸ್ಯಾವ್ರಿ ಸಾಹೇಬ್ರ. ನಾಳಿಂದ ಟ್ಯಾಂಕರ್ ಬಂದ್. ಕೇರಿಯವ್ರು ಬಾವಿ ನೀರು ಕುಡೀಲಿ," ಎಂದ ಗಾದಿಲಿಂಗಪ್ಪ.

ತಾಯಕ್ಕ ಮುಂದೆ ಬಂದಳು. "ಸುಳ್ಳು ಹೇಳಬ್ಯಾಡ್ರಿ ಸಾವ್ಕಾರ್ರ. ಕೆಳಗ ಎಣ್ಣಿ ಇನ್ನಾ ಹಂಗ ಐತಿ."

"ಬಾಯಿ ಮುಚ್ಚಲೇ ಬೋಸುಡಿ! ನಿಮ್ಮ ಕೇರಿ ನೀರು ಯಾವಾಗರ ಚೊಲೊ ಇತ್ತೇನು? ದೂರ ನಿಂದ್ರು, ಸಾಹೇಬ್ರಿಗೆ ನಾತ ಹೊಡಿತೈತಿ."

ಅಧಿಕಾರಿ ನಕ್ಕ.

ತಾಯಕ್ಕನಿಗೆ ಪಕೀರಪ್ಪನ ಉಬ್ಬಿದ ಹೊಟ್ಟೆ ಕಣ್ಣಿಗೆ ಕಟ್ಟಿತು. ಸೊಸೆಯ ಹೊಟ್ಟೆಯತ್ತ ನೋಡಿದಳು. ಸಲಿಕೆ ಎತ್ತಿ ಕೆಂಪು ಮಣ್ಣು ಕೆದರಿದಳು. ಒಂದು ಗೇಣಿನ ಕೆಳಗೇ ಕರಿ ಗಸಿ ಪಚಪಚ ಎಂದು ಎದ್ದಿತು. ಅದನ್ನೇ ಬುಟ್ಟಿ ತುಂಬಿಕೊಂಡು ನೆಟ್ಟಗೆ ಸಾವ್ಕಾರನ ಬಿಳಿ ಕಾರಿನತ್ತ ನಡೆದಳು. ಬಾಗಿಲು ತೆಗೆದು ಸೀಟಿನ ಮೇಲೆ ಸುರಿದಳು.

"ಅಯ್ಯಯ್ಯೋ, ನನ್ ಕಾರು! ಹಿಡೀರಲೇ ಆ ರಂಡೀನ!"

"ಯಾಕ ಒದರ್ತೀಯೋ ಭಾಡ್ಯಾ? ಹುಳ ತಿಂತಾವ. ತಿಂದು ಮುಗಿಸೋತನಕ ಅದರ ಮ್ಯಾಲ ಕುಂದ್ರು."

ಹುಟ್ಟಿದಾಗಿನಿಂದ ಅವಳು ಯಾವ ಸಾವ್ಕಾರನನ್ನೂ ಏಕವಚನದಲ್ಲಿ ಮಾತಾಡಿಸಿದವಳಲ್ಲ. ಈಗ ನಾಲಿಗೆ ತಡವರಿಸಲಿಲ್ಲ.

ಹಾಲೇಶ ಕೋಲು ಹಿಡಿದು ಓಡಿಬಂದ. ತಾಯಕ್ಕ ಸಲಿಕೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ತಿರುಗಿ ನಿಂತಳು. ಅವಳ ಬೆನ್ನ ಹಿಂದೆ ಸುನಿತಾ ಗುಂಡಿಗಿಳಿದು ಇನ್ನೊಂದು ಬುಟ್ಟಿ ತುಂಬುತ್ತಿದ್ದಳು.