ಬಲಿಪೀಠದ ರೊಟ್ಟಿ ನಾದುವ ಕೈ

"ಇವು ಯಾರ ಕೈಗಳು?"

ಅಡುಗೆಮನೆಯಲ್ಲಿ ಒಬ್ಬಳೇ ಇದ್ದ ಎವಾಂಥಿಯಾ ತನ್ನನ್ನೇ ಕೇಳಿಕೊಂಡಳು. ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿ ಕೂತಿದ್ದಳು. ಬೆರಳ ಬುಡದ ಗೆಣ್ಣುಗಳು ಊದಿಕೊಂಡು, ಬಲಗೈಗೆ ಕನ್ನಡಿ ಹಿಡಿದರೆ ಎಡಗೈ ಕಾಣುವಷ್ಟು ಒಂದೇ ತೆರನಾಗಿದ್ದವು. ಎದ್ದು ಗಂಟೆಯಾದರೂ ಮುಷ್ಟಿ ಕಟ್ಟಲು ಬಾರದು. ಅವಳಿಗೆ ಅವಸರವಿರಲಿಲ್ಲ. ಬಾಯಲ್ಲಿ ಕೀರ್ತನೆ ಸಾಗಿತ್ತು; ಮೂರನೆಯದು ಮುಗಿಯುವಷ್ಟರಲ್ಲಿ ಬೆರಳು ಮಡಚುತ್ತವೆಂದು ಬಲ್ಲಳು.

ಅಂದು ಶನಿವಾರ. ನಾಳಿನ ಬಲಿಪೂಜೆಗೆ ರೊಟ್ಟಿ ನಾದಬೇಕು. ಹದಿನೆಂಟು ವರ್ಷದಿಂದ ತಮ್ಮ ದ್ವೀಪದ ಪುಟ್ಟ ಇಗರ್ಜಿಗೆ ಅವಳ ಕೈಯದೇ ರೊಟ್ಟಿ.

ಹೋದ ವರ್ಷ ಆ ಕೆಲಸ ಕೈತಪ್ಪುವುದರಲ್ಲಿತ್ತು. ತಪ್ಪು ಅವಳದೇ. ಈಸ್ಟರಿಗೆ ಮುಂಚಿನ ಉಪವಾಸಕ್ಕೆ ಚೀಸು ಬಿಟ್ಟಳು, ಎಣ್ಣೆ ಬಿಟ್ಟಳು, ಕೀಲುಬಾವಿಗೆಂದು ವಾರಕ್ಕೊಮ್ಮೆ ನುಂಗುವ ಮಾತ್ರೆಯನ್ನೂ ಬಿಟ್ಟಳು. ನೋವಿಲ್ಲದಿರುವುದೂ ಒಂದು ಸುಖವೇ ಅಲ್ಲವೆ, ಅದನ್ನೂ ಒಪ್ಪಿಸಿಬಿಡೋಣ ಎಂದುಕೊಂಡಿದ್ದಳು. ಐದನೆಯ ವಾರಕ್ಕೆ ಮಣಿಕಟ್ಟು ಕೆಂಡವಾಯಿತು. ಮೈಬಿಸಿ, ಎದ್ದು ಕೂರಲಾಗದ ಸುಸ್ತು. ಹಬ್ಬದ ರೊಟ್ಟಿ ನಾದಿದ್ದು ಗಂಡನ ಅಕ್ಕ ಕಲ್ಲಿರೋಯಿ.

"ಬಿಡ್ಬೇಕಾದ್ದು ಚೀಸು ಕಣಮ್ಮ, ಮಾತ್ರೆಯಲ್ಲ. ದೇವರು ನಿನ್ನ ಗೆಣ್ಣು ಕೇಳಿದ್ನಾ?" ಎಂದಿದ್ದರು ಪಾದ್ರಿಗಳು.

ಪೇಟೆಯ ಡಾಕ್ಟರಮ್ಮ ಬೈಯದೆ ಮತ್ತೊಮ್ಮೆ ಬಿಡಿಸಿ ಹೇಳಿದ್ದಳು. ಇದು ದುಡಿದು ಸವೆದ ಕೀಲಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲಿನ ಒಳಪೊರೆಯನ್ನು ಹಗೆಯೆಂದು ಬಗೆದು ಮೇಲೆ ಬೀಳುತ್ತದೆ. ಸುಮ್ಮನೆ ಬಿಟ್ಟರೆ ಮೂಳೆಗೂ ಬಾಯಿ ಹಾಕುತ್ತದೆ.

"ಮಂದೆ ಕಾಯೋ ನಾಯಿ ತನ್ನ ಕುರಿನೇ ಕಚ್ಚಿದ ಹಾಗೆ," ಎಂದಿದ್ದಳು ಎವಾಂಥಿಯಾ.

"ಅದೇ. ಮಾತ್ರೆ ಅದರ ಕೊರಳ ಹಗ್ಗ. ಬಿಚ್ಚಬೇಡಿ."

ಈ ಸಲದ ಉಪವಾಸದಲ್ಲಿ ಅವಳು ಬಿಚ್ಚಿರಲಿಲ್ಲ.

ಬಾಗಿಲು ತಳ್ಳಿಕೊಂಡು ಕಲ್ಲಿರೋಯಿ ಬಂದಳು. "ಕಡಲೆ ನೆನೆಹಾಕಿದೀಯೋ, ಕೈ ನೆನೆಹಾಕಿದೀಯೋ?"

"ಎರಡಕ್ಕೂ ಮೆತ್ತಗಾಗೋಕೆ ಹೊತ್ತು ಬೇಕು ಅತ್ತಿಗೆ."

"ನಾದೀ ನಾದೀನೇ ನಿಂಗೆ ಈ ಗತಿ ಬಂದಿದ್ದು. ಸಾಕು ಮಾಡು. ಆ ಅಚ್ಚು ಇತ್ಲಾಗ್ ಕೊಡು, ಇನ್ಮೇಲೆ ನಾನೇ ಮಾಡ್ತೀನಿ."

ದನಿಯಲ್ಲಿ ಕನಿಕರವಿತ್ತು, ಆಸೆಯೂ ಇತ್ತು. ರೊಟ್ಟಿಯ ಮೇಲೆ ಶಿಲುಬೆಯ ಗುರುತು ಒತ್ತುವ ಆಲಿವ್ ಮರದ ಆ ಅಚ್ಚನ್ನು ಅತ್ತೆ ತನ್ನ ಮಗಳು ಕಲ್ಲಿರೋಯಿಗೆ ಕೊಡದೆ ಸೊಸೆ ಎವಾಂಥಿಯಾಳ ಕೈಗಿತ್ತು ಕಣ್ಣು ಮುಚ್ಚಿದ್ದಳು. ಅದನ್ನೊತ್ತಿದ ರೊಟ್ಟಿ ಮಾತ್ರ ಬಲಿಪೀಠಕ್ಕೆ ಸಲ್ಲುತ್ತದೆ.

ಎವಾಂಥಿಯಾ ಕೈ ಒರೆಸಿಕೊಂಡು, ಹಿಟ್ಟಿಗೆ ಅಂಗೈಯ ಬುಡ ಊರಿದಳು. ಬೆರಳಿಗೆ ಕೆಲಸ ಕೊಡದೆ ನಾದುವುದನ್ನು ಚಳಿಗಾಲವಿಡೀ ಕಲಿತಿದ್ದಳು.

"ಸವೆದಿರೋದು ನಿಮ್ಮ ಮಂಡಿ ಅತ್ತಿಗೆ. ನಂದು ಒಳಗಿನ ಕಾದಾಟ. ಕೈ ಕಟ್ಟಿ ಕೂತ್ರೆ ಇನ್ನೂ ಬಿಗಿಯುತ್ತೆ."

"ಬಾವು ಏರಿದ ದಿನ ಏನ್ ಮಾಡ್ತೀಯ?"

"ನಿಮ್ಮನ್ನೇ ಕರೀತೀನಿ. ಬಂದು ನಾದಿ."

"ಹಂಗಾದ್ರೆ ಅಚ್ಚು ನನ್ ಹತ್ರ ಇರ್ಲಿ."

"ಇಲ್ಲ ಅತ್ತಿಗೆ, ಕೊಡಲ್ಲ. ಅದು ಅತ್ತೆ ನನ್ನ ಕೈಗೆ ಕೊಟ್ಟಿದ್ದು."