ಎಣ್ಣೆ ಕಡ್ಡಿ

ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ಎಳೆದಾಗಲೂ ಎಣ್ಣೆ ಅದರ ತುದಿಗೆ ಮಾತ್ರ ಅಂಟಿತ್ತು. ಕೆಳಗಿನ ಗೆರೆಯನ್ನು ಕೂಡ ಮುಟ್ಟಿರಲಿಲ್ಲ. ಸಸಿ ತೋಟದ ಯಜಮಾನಿ ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ನೋಡಿದಷ್ಟೂ ಅದು ಕಡಿಮೆಯಾದಂತೆಯೇ ಕಂಡಿತು.

ವ್ಯಾನು ಗ್ಯಾರೇಜಿನಿಂದ ಬಂದದ್ದು ಹಿಂದಿನ ಸಂಜೆ. ಹಳೆಯ ಎಣ್ಣೆ ತೆಗೆದು ಹೊಸದು ಹಾಕಿಸಿಯಾಗಿತ್ತು, ಫಿಲ್ಟರೂ ಬದಲಾಗಿತ್ತು. ಹಿಂದೆ ಮೆಣಸಿನ ಸಸಿಗಳ ತಟ್ಟೆಗಳನ್ನು ಏರಿಸಿ, ನೀರು ಚಿಮುಕಿಸಿ, ಹೊರಡುವುದೊಂದೇ ಬಾಕಿ. ಬೇರೆಯವರಾಗಿದ್ದರೆ ಬಾನೆಟ್ ಎತ್ತುತ್ತಲೇ ಇರಲಿಲ್ಲ. ಆದರೆ ಹೋದ ವರ್ಷ ಹಳೆಯ ಎಂಜಿನ್ ಎಣ್ಣೆ ಸೋರಿ ಹಿಡಿದುಕೊಂಡದ್ದು ಅವಳ ಕೈಯಲ್ಲೇ. ಕಿರಿದಾದ ಸೇತುವೆಯ ಮೇಲೆ, ಹಿಂದೆ ಲಾರಿ ಬರುತ್ತಿದ್ದಾಗ, ವ್ಯಾನು ಕಲ್ಲಿನಂತೆ ನಿಂತುಬಿಟ್ಟಿತ್ತು. ಲಾರಿಯವನು ಹೇಗೋ ನಿಲ್ಲಿಸಿದ. ಆದರೂ ಆ ಹಾರನ್ನಿನ ಸದ್ದು ಅವಳ ಬೆನ್ನಿನೊಳಗೆ ಉಳಿದುಬಿಟ್ಟಿದೆ. ಅಂದಿನಿಂದ ಬೆಳಿಗ್ಗೆ ಎದ್ದು ಮುಖ ತೊಳೆದವಳು ಮೊದಲು ಹಿಡಿಯುವುದು ಎಣ್ಣೆಯ ಕಡ್ಡಿಯನ್ನೇ.

ನೆಲ ವಾಲಿರಬಹುದೆಂದು ವ್ಯಾನನ್ನು ಸಿಮೆಂಟು ಹಾಕಿದ ಕಣಕ್ಕೆ ತಂದಳು. ಎಣ್ಣೆ ಕೆಳಗಿಳಿಯಲಿ ಎಂದು ಎಂಜಿನ್ ಆರಿಸಿ, ಸಸಿಗಳ ನೆರಳುಬಲೆಯ ಹರಿದ ಅಂಚನ್ನು ಹೊಲಿಯುತ್ತ ಕಾದಳು. ಮತ್ತೆ ನೋಡಿದರೆ ಅಷ್ಟೇ. ಗೋಣಿ ಹಾಸಿ ಅಡಿಗೆ ನುಸುಳಿದಳು. ಎಣ್ಣೆ ಇಳಿಸುವ ಬೋಲ್ಟಿನ ಸುತ್ತ ಬೆರಳಾಡಿಸಿದರೆ ಒಣಗಿತ್ತು. ಫಿಲ್ಟರಿನ ಅಂಚೂ ಒಣಗಿತ್ತು. ನೆಲದ ಮೇಲೆ ಹನಿಯಿಲ್ಲ, ಹೊಗೆಯಲ್ಲಿ ಎಣ್ಣೆ ಉರಿಯುವ ನೀಲಿಯಿಲ್ಲ. ಕೀ ತಿರುಗಿಸಿದಾಗ ಎಣ್ಣೆಯ ಕೆಂಪು ದೀಪ ಹತ್ತಿ, ಎಂಜಿನ್ ಶುರುವಾದೊಡನೆ ಆರಿತು. ಎಲ್ಲವೂ ಸರಿ, ಕಡ್ಡಿಯೊಂದನ್ನು ಬಿಟ್ಟು. ಹಾಗಾದರೆ ಎಣ್ಣೆ ಹೋದದ್ದಾದರೂ ಎಲ್ಲಿಗೆ? ಸೋರುವುದು ಕಂಡಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಗ್ಯಾರೇಜು ಮೈದುನನದು. ಬಾಯಿ ತೆರೆದರೆ ಆಚೆ ಬೀದಿಗೂ ಕೇಳಿಸುವುದರಿಂದ ಅವನಿಗೆ ಎಲ್ಲರೂ ಸೈಲೆನ್ಸರ್ ಎಂದು ಹೆಸರಿಟ್ಟಿದ್ದರು. ಫೋನಿನಲ್ಲಿ ವಿಷಯ ಕೇಳಿ ಅವನು ಕೆರಳಿದ. ಅವಳ ಎಂಜಿನ್ ಹೋದ ಮೇಲೆ ಅವನೇ ತನ್ನ ಗ್ಯಾರೇಜಿಗೊಂದು ಕಟ್ಟುಪಾಡು ಮಾಡಿಕೊಂಡಿದ್ದ: ಎಣ್ಣೆ ಇಳಿಸಿದ ಕೂಡಲೇ ಕಡ್ಡಿಯನ್ನು ಹೊರಗೆಳೆದು ತಟ್ಟೆಯಲ್ಲಿಡಬೇಕು, ಹೊಸ ಎಣ್ಣೆ ಹೊಯ್ದ ಮೇಲೆಯೇ ಅದು ಒಳಗೆ ಹೋಗಬೇಕು. ಕಡ್ಡಿ ಹೊರಗಿರುವ ಗಾಡಿಯ ಕೀಯನ್ನು ಯಾರೂ ಮುಟ್ಟುವಂತಿಲ್ಲ. ಇಷ್ಟು ಜೋಪಾನ ಮಾಡುವವನ ಮೇಲೆ ಅನುಮಾನವೇ ಎಂದು ಅವನ ಕೂಗಾಟ.

"ನಿಮ್ಮದಕ್ಕೂ ಅಣ್ಣನದಕ್ಕೂ ಒಂದೇ ಕ್ಯಾನಲ್ಲಿ ಅಳೆದು ಹೊಯ್ದಿದೀನಿ ಅತ್ತಿಗೆ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಕಡ್ಡಿ ಸುಳ್ಳು ಹೇಳ್ತಾ ಇದೆ."

"ಕಡ್ಡಿಗೆ ಬಾಯಿಲ್ಲಪ್ಪ, ಬಾಯಿರೋದು ನಿನಗೆ," ಎಂದಳು ಅವಳು. ಹೇಳುತ್ತಲೇ ಕಡ್ಡಿಯ ಮೇಲ್ತುದಿಯ ಬಳೆಯ ಮೇಲೆ ಅವಳ ಕಣ್ಣು ಬಿತ್ತು.

ಬಳೆ ಬರಿದಾಗಿತ್ತು. ಬಿಸಿ ಎಂಜಿನ್ನಿನಲ್ಲಿ ಬೆರಳು ಸುಡದಿರಲೆಂದು ತನ್ನ ಕಡ್ಡಿಯ ಬಳೆಗೆ ಅವಳು ಕೆಂಪು ಉಣ್ಣೆಯ ದಾರ ಸುತ್ತಿದ್ದಳು. ಇದಕ್ಕೆ ದಾರವಿಲ್ಲ.

"ಎರಡೂ ಕಡ್ಡೀನ ಎಲ್ಲಿಟ್ಟಿದ್ದೆ?"

"ಒಂದೇ ತಟ್ಟೇಲಿ," ಎಂದ, ಅವಳು ಅವನಿಂದ ಎಂದೂ ಕೇಳಿರದ ಸಣ್ಣ ದನಿಯಲ್ಲಿ.

ಅವಳದೂ ಗಂಡನದೂ ಒಂದೇ ಬಗೆಯ ವ್ಯಾನು. ಆದರೆ ಅವಳದಕ್ಕೆ ಕೂರಿಸಿದ ಬದಲಿ ಎಂಜಿನ್ನಿನಲ್ಲಿ ಕಡ್ಡಿಯ ಕೊಳವೆ ಒಂದು ಬೆರಳಿನಷ್ಟು ಉದ್ದ, ಅದಕ್ಕೆ ತಕ್ಕಂತೆ ಕಡ್ಡಿಯೂ ಉದ್ದ. ಗಂಡನ ಗಿಡ್ಡ ಕಡ್ಡಿ ಇವಳ ಉದ್ದ ಕೊಳವೆಗೆ ಬಂದಿತ್ತು. ಎಣ್ಣೆ ಸರಿಯಾಗಿಯೇ ಇದೆ, ಕಡ್ಡಿಗೆ ಎಟುಕುತ್ತಿಲ್ಲ ಅಷ್ಟೇ. ಅವಳ ಎದೆಯ ಭಾರ ಇಳಿಯಿತು. ಇಳಿದದ್ದು ನೆಲ ಮುಟ್ಟುವ ಮೊದಲೇ ಇನ್ನೊಂದು ಯೋಚನೆ ಬಂದು ಅಲ್ಲೇ ನಿಂತಳು.

ತನ್ನ ಉದ್ದ ಕಡ್ಡಿ ಗಂಡನ ವ್ಯಾನಿನಲ್ಲಿದೆ. ಅದರಲ್ಲಿ ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಕಾಣುತ್ತದೆ.

ಬೆಳಕು ಹರಿಯುವಾಗಲೇ ಗಂಡ ಟೊಮೆಟೊ ಸಸಿಗಳ ಲೋಡಿನೊಂದಿಗೆ ತಾಯಿಯನ್ನೂ ಕೂರಿಸಿಕೊಂಡು ಗುಡ್ಡದಾಚೆಯ ಪಟ್ಟಣಕ್ಕೆ ಹೊರಟಿದ್ದ. ಅತ್ತೆಯವರ ಕಣ್ಣಿನ ಪೊರೆ ತೆಗೆಸುವುದಿತ್ತು. ಅವನದು ಎಲ್ಲವೂ ಗೆರೆಗೆ ಸರಿಯಾಗಿರಬೇಕೆನ್ನುವ ಸ್ವಭಾವ. ತಟ್ಟೆಯ ಗುಳಿಗಳಲ್ಲಿ ಮಣ್ಣು ಒಂದಿಷ್ಟು ಉಬ್ಬಿದ್ದರೂ ಪಟ್ಟಿಯಿಂದ ಎಳೆದು ಸಮ ಮಾಡುವವನು. ಎಣ್ಣೆ ಹೆಚ್ಚಾದರೆ ಸೀಲು ಒಡೆಯುತ್ತದೆ ಎಂದು ಎಷ್ಟೋ ಸಲ ಇವಳಿಗೇ ಪಾಠ ಮಾಡಿದ್ದ.

ಅವನು ವ್ಯಾನು ನಿಲ್ಲಿಸುವ ಮಾಡಿನ ಮೂಲೆಗೆ ಓಡಿದಳು. ಗೊಬ್ಬರದ ಚೀಲಗಳ ಹಿಂದೆ ಹಳೆಯ ಬಕೆಟ್ಟಿತ್ತು. ಬಾಯಿಗೆ ಮುಚ್ಚಿದ್ದ ರಟ್ಟನ್ನು ಸರಿಸಿದಳು. ಒಳಗೆ, ಹೆಚ್ಚಾಯಿತೆಂದು ಅವನು ಇಳಿಸಿದ ಜೇನಿನ ಬಣ್ಣದ ಹೊಸ ಎಣ್ಣೆ. ಬಕೆಟ್ಟನ್ನು ಎತ್ತಲು ಹೋದರೆ ಅವಳು ಎಣಿಸಿದ್ದಕ್ಕಿಂತ ಭಾರವಿತ್ತು.

ಫೋನು ಮಾಡಿದಳು. ಗುಡ್ಡದ ದಾರಿಯಲ್ಲಿ ಸಿಗ್ನಲ್ ಇರುವುದಿಲ್ಲವೆಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದಳು. ಏರಿನಲ್ಲಿ ವ್ಯಾನು ಹಿಂದಕ್ಕೆ ವಾಲುತ್ತದೆ, ಉಳಿದ ಒಂದಿಷ್ಟು ಎಣ್ಣೆ ಒಂದು ಕಡೆಗೆ ಸರಿಯುತ್ತದೆ, ಎಂಜಿನ್ ಒಣಗಿ ಹಿಡಿದುಕೊಳ್ಳುತ್ತದೆ. ಎಂಜಿನ್ ನಿಂತರೆ ಬ್ರೇಕು ಕಲ್ಲಾಗುತ್ತದೆ. ಸೇತುವೆಯ ಮೇಲೆ ಅದನ್ನು ಅವಳು ಕಾಲಿನಿಂದಲೇ ಕಂಡಿದ್ದಳು. ಅಲ್ಲಿ ನೆಲ ಸಮವಿತ್ತು, ಇಲ್ಲಿ ಹಿಂದಕ್ಕೆ ಜಾರಿದರೆ ಕೆಳಗೆ ಬಯಲೇ.

ಮನೆಯಲ್ಲಿದ್ದದ್ದು ಸೀಲು ಒಡೆಯದ ಒಂದೇ ಎಣ್ಣೆ ಡಬ್ಬ. ಅದನ್ನು ತಂದು, ಕೈ ತನ್ನ ರೂಢಿಯಲ್ಲೇ ತನ್ನ ಎಂಜಿನ್ನಿನ ಮುಚ್ಚಳ ತಿರುಗಿಸಿತು. ಲೆಕ್ಕ ಸರಿಯೆಂದು ಬುದ್ಧಿ ಹೇಳುತ್ತಿತ್ತು. ಕಡ್ಡಿ ಮಾತ್ರ ಕಣ್ಣಾರೆ ಕಡಿಮೆ ತೋರಿಸಿತ್ತು. ಇದಕ್ಕೆ ಸುರಿದರೆ ಅವರಿಗೆ ಉಳಿಯುವುದಿಲ್ಲ. ಸುರಿಯದೆ ಹೋಗಿ, ಸೈಲೆನ್ಸರನ ಮಾತೇ ಸುಳ್ಳಾದರೆ ತಾನೂ ಅದೇ ಏರಿನಲ್ಲಿ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಡಬ್ಬವನ್ನೂ ಬರಿ ಬಳೆಯ ಕಡ್ಡಿಯನ್ನೂ ಪಕ್ಕದ ಸೀಟಿಗೆ ಹಾಕಿದಳು. ಕೊಳವೆಯ ಬಾಯಿಗೆ ಬಟ್ಟೆ ತುರುಕಿ ಹೊರಟಳು.

ಗುಡ್ಡದ ಬುಡ ಬರುವವರೆಗೆ ರಸ್ತೆಗಿಂತ ಹೆಚ್ಚಾಗಿ ಕೆಂಪು ದೀಪದ ಜಾಗವನ್ನೇ ನೋಡಿದಳು. ಏರು ಶುರುವಾದ ಮೇಲೆ ಕಿಟಕಿ ಇಳಿಸಿ ಎಂಜಿನ್ನಿನ ಸದ್ದಿಗೆ ಕಿವಿಕೊಟ್ಟಳು. ಯಾವಾಗಲೂ ಇರುವ ಸದ್ದೆಲ್ಲ ಇವತ್ತು ಹೊಸದಾಗಿ ಕೇಳಿಸಿತು. ಪ್ರತಿ ತಿರುವಿನಲ್ಲೂ ಅಂಚಿನ ಕಲ್ಲುಗಳು ನೆಟ್ಟಗಿವೆಯೇ ಎಂದು ಕಣ್ಣು ಹುಡುಕುತ್ತಿತ್ತು. ಒಂದು ಕಡೆ ಕಲ್ಲೊಂದು ಕಿತ್ತು ಬಿದ್ದಿತ್ತು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಮುರಿದ ಜಾಗದಲ್ಲಿ ಹುಲ್ಲು ಬೆಳೆದದ್ದು ಕಂಡ ಮೇಲೆಯೇ ಉಸಿರು ಬಂತು, ಹಳೆಯ ಅಪಘಾತ. ಮುಂದೆ ರಸ್ತೆಯ ನಡುವೆ ಕಪ್ಪಗೆ ಏನೋ ಹರಿದಿತ್ತು. ಹತ್ತಿರ ಹೋದರೆ ಬರೀ ನೀರು.

ಎಲ್ಲಕ್ಕಿಂತ ಕಡಿದಾದ ತಿರುವಿನ ಮೊದಲು ಗಂಡನ ವ್ಯಾನು ಕಂಡಿತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿತ್ತು, ಬಾನೆಟ್ ಎದ್ದಿತ್ತು. ಚಾಲಕನ ಸೀಟಿನಲ್ಲಿ ಯಾರೂ ಇರಲಿಲ್ಲ. ಅವಳು ಇಳಿದು ಅತ್ತ ಓಡಿದಳು.

ಅತ್ತೆ ರಸ್ತೆಯಂಚಿನ ಕಲ್ಲಿನ ಮೇಲೆ, ಸೆರಗು ಸುತ್ತಿಕೊಂಡು, ಕೋಪ ಮಾಡಿಕೊಂಡವರಂತೆ ಕೂತಿದ್ದರು. ಗಂಡ ಬಾನೆಟ್ಟಿನ ಹಿಂದಿನಿಂದ ತಲೆ ಎತ್ತಿದ. ಅವನ ಮುಖದಲ್ಲಿದ್ದದ್ದು ಬರೀ ಬೇಸರ. ತಿರುವಿನಲ್ಲಿ ದೀಪ ಮಿಣುಕುತ್ತದೆ, ವೈರು ಸಡಿಲವಿರಬೇಕು, ಅಷ್ಟಕ್ಕೇ ಅಮ್ಮ ಇಳಿದು ಕೂತಿದ್ದಾಳೆ ಎಂದು ದೂರು ಹೇಳಿದ.

"ನನಗೆ ರಸ್ತೆ ಕಾಣಲ್ಲ, ಮರ ಕಾಣಲ್ಲ," ಎಂದರು ಅತ್ತೆ ಸೊಸೆಗೆ. "ಆ ಕೆಂಪು ಮಾತ್ರ ಕೆಂಡದ ಥರ ಕಾಣ್ತು. ನಿಲ್ಲಿಸೋ ಅಂದ್ರೆ ನಿಲ್ಲಿಸ್ಲಿಲ್ಲ. ಮೂತ್ರಕ್ಕೆ ಹೋಗ್ಬೇಕು ಅಂದೆ, ನಿಲ್ಲಿಸಿದ. ಇನ್ನು ಹತ್ತಲ್ಲ ನಾನು."

"ಎಣ್ಣೆ ಗೆರೆಗೆ ಸರಿಯಾಗಿದೆ, ನೋಡು ಬೇಕಾದ್ರೆ." ಗಂಡ ಕಡ್ಡಿ ಎಳೆದು ಹಿಡಿದ. ಬಳೆಗೆ ಸುತ್ತಿದ ಕೆಂಪು ದಾರ ಅವನ ಬೆರಳುಗಳ ನಡುವೆ ಕಾಣುತ್ತಿತ್ತು.

ಅವಳು ಅದನ್ನು ಇಸಿದುಕೊಂಡು, ತಾನು ತಂದಿದ್ದನ್ನು ಒರೆಸಿ ಅವನ ಎಂಜಿನ್ನಿಗೆ ಇಳಿಸಿ ಎಳೆದಳು. ತುದಿ ನೆನೆದೇ ಇರಲಿಲ್ಲ. ಎರಡನ್ನೂ ಜೋಡಿಸಿ ಹಿಡಿದು ತೋರಿಸಿದಳು.

ಅವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಆಮೇಲೆ ಮುಂದಿನ ತಿರುವನ್ನು ನೋಡಿದ. ಬೆಳಿಗ್ಗೆ ಎಣ್ಣೆ ಇಳಿಸಿದ ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತ ಟೈರಿಗೆ ಒರಗಿ ಕೂತುಬಿಟ್ಟ.

ಡಬ್ಬದ ಎಣ್ಣೆಯನ್ನು ಅವಳೇ ಹೊಯ್ದಳು. ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಗಿಡ್ಡ ಕಡ್ಡಿಯ ಮೇಲೆ ಎಣ್ಣೆ ಗೆರೆಗಳ ನಡುವೆ ಬಂದಿತ್ತು. ಅವನು ಎದ್ದು ಕೀ ತಿರುಗಿಸಿದ. ಕೆಂಪು ದೀಪ ಹತ್ತಿತು, ಆರಿತು. ಮೂವರೂ ಉಸಿರು ಬಿಗಿಹಿಡಿದು ಕೇಳಿದರು. ಒಳಗಿನಿಂದ ಬಡಿತವಿರಲಿಲ್ಲ. ಆದರೂ ಅವನು ಗೇರಿನ ಮೇಲೆ ಕೈಯಿಟ್ಟವನು ತೆಗೆದ, ಮತ್ತೆ ಇಟ್ಟ.

ಅವಳು ತನ್ನ ಕಡ್ಡಿಯನ್ನು ತನ್ನ ಎಂಜಿನ್ನಿಗೆ ಇಳಿಸಿ ನೋಡಿದಳು. ಮೇಲಿನ ಗೆರೆಗೆ ಸರಿಯಾಗಿತ್ತು. ಸೈಲೆನ್ಸರ್ ಅಳೆದದ್ದು ಅಳೆದಂತೆಯೇ ಇತ್ತು. ಮತ್ತೆ ಇಳಿಸಲು ಹೋದರೆ, ಎಷ್ಟು ಪ್ರಯತ್ನಿಸಿದರೂ ಕಡ್ಡಿಯ ತುದಿ ಕೊಳವೆಯ ಬಾಯಿಗೆ ಸಿಗಲಿಲ್ಲ. ಗಂಡ ಬಂದು ಅವಳ ಮಣಿಕಟ್ಟು ಹಿಡಿದುಕೊಂಡ. ಇಬ್ಬರ ಕೈಯೂ ಸೇರಿ ಕಡ್ಡಿ ಹೇಗೋ ಒಳಗಿಳಿಯಿತು.

"ನಾನು ಇವಳ ಗಾಡೀಲೇ ಬರ್ತೀನಿ," ಎಂದು ಅತ್ತೆ ಕೈ ಚಾಚಿದರು.

ಅವನ ವ್ಯಾನು ಮುಂದೆ, ಇವಳದು ಹಿಂದೆ, ನಿಧಾನವಾಗಿ ಏರಿದವು. ಅತ್ತೆ ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಕಡೆಗೇ ಬಾಗಿ ಕೂತಿದ್ದರು. ಪ್ರತಿ ತಿರುವು ದಾಟಿದ ಮೇಲೂ, "ಕೆಂಪು ಇಲ್ಲ ತಾನೆ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಅವಳು ಇನ್ನೊಮ್ಮೆ ನೋಡಿಯೇ ಇಲ್ಲವೆನ್ನುತ್ತಿದ್ದಳು.