ರಸಮಟ್ಟ ಸೋತ ಲಾಯ

ಹಾರ್ಲ್ಸ್‌ಬಿ ಎಸ್ಟೇಟಿನ ಲಾಯದಲ್ಲಿ ಹದಿನೆಂಟು ಅಂಕಣಗಳು, ಒಂದೊಂದಕ್ಕೆ ಒಂದೊಂದು ಕುದುರೆ. ಆರನೆಯದರ ಕಲ್ಲುಹಾಸು ಸಡಿಲಾಗಿ, ಸಂದಿನಲ್ಲಿ ಉಚ್ಚೆ ನಿಂತು, ಮುದಿ ಹೆಣ್ಣುಕುದುರೆ ಡ್ಯಾಮ್ಸನ್‌ಳ ಗೊರಸು ಕೊಳೆಯತೊಡಗಿತ್ತು. ಬೇರೆ ಅಂಕಣಕ್ಕೆ ಅವಳು ಕಾಲಿಡಳು. ಗಾಡಿಮನೆಯಲ್ಲಿ ಕಟ್ಟಿದರೆ ಹತ್ತು ದಿನದಿಂದ ನಿಂತೇ ಇದ್ದಳು, ಒಮ್ಮೆಯೂ ಮಲಗಿರಲಿಲ್ಲ. ಶನಿವಾರದೊಳಗೆ ಒಣ ನೆಲ ಸಿಗದಿದ್ದರೆ ಗುಂಡೇ ಗತಿ ಎಂದು ಪಶುವೈದ್ಯರು ಹೇಳಿಹೋಗಿದ್ದರು.

ನೆಲ ಹಾಸಲು ಕರೆಸಿದ್ದು ನನ್ನನ್ನು. ಯಾರ್ಕ್‌ಶೈರಿನಲ್ಲಿ ನನ್ನಂಥ ಕಲ್ಲುಕುಟಿಗ ಇಲ್ಲವೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು.

"ಇದನ್ನ ಹಾಸಿದವ್ನು ಕುಡಿದು ಹಾಸಿರ್ಬೇಕು ತಾತ. ಒಂದ್ ಕಲ್ಲೂ ಮಟ್ಟ ಇಲ್ಲ," ಎಂದೆ.

ಲಾಯ ನೋಡಿಕೊಳ್ಳುವ ಸೆಥ್ ತಾತ ಚಹಾ ಹೀರುತ್ತ, "ಇನ್ನೂರು ವರ್ಷ ಆಯ್ತಲ್ಲಯ್ಯ, ಇಷ್ಟೊತ್ತಿಗೆ ನಶೆ ಇಳಿದಿರುತ್ತೆ ಬಿಡು," ಎಂದ.

ಗುರುವಾರ ಕೆಲಸ ಮುಗಿಸಿ ರಸಮಟ್ಟ ಇಟ್ಟು ತೋರಿಸಿದೆ. ಅದರ ಗಾಳಿಗುಳ್ಳೆ ನಟ್ಟನಡುವೆ ನಿಂತಿತ್ತು, ನೆಲ ಪಕ್ಕಾ ಮಟ್ಟ. ತಾತ ಒಂದು ಬಕೆಟ್ ನೀರು ತಂದು ನನ್ನ ನೆಲಕ್ಕೆ ಸುರಿದ. ನೀರು ಅಲ್ಲೇ ನಿಂತಿತು. ಇನ್ನೊಂದು ಬಕೆಟ್ ಪಕ್ಕದ ಅಂಕಣದ ಹಳೆಯ ನೆಲಕ್ಕೆ ಸುರಿದ. ಅದು ಅಲ್ಲಿನ ಕುದುರೆಯ ಹಿಂಗಾಲಿನ ಕಡೆ ಹರಿದು, ಮೋರಿ ಸೇರಿ, ಗೋಡೆಯಾಚೆ ಹೋಗಿಯೇಬಿಟ್ಟಿತು.

"ಈಗ ಹೇಳು ಅಮೋಸ್, ಕುಡಿದಿದ್ದು ಯಾರು?"

ಮಂಡಿಯೂರಿ ಉಳಿದ ಹದಿನೇಳು ಅಂಕಣಗಳನ್ನೂ ಅಳೆದೆ. ಎಲ್ಲದಕ್ಕೂ ಹೆಬ್ಬೆರಳ ದಪ್ಪದಷ್ಟೇ ಇಳಿಜಾರು. ಹೆಚ್ಚಾದರೆ ಕುದುರೆಯ ಕಾಲು ನೋಯುತ್ತದೆ, ಕಡಿಮೆಯಾದರೆ ನೀರು ನಿಲ್ಲುತ್ತದೆ. ಕಿಟಕಿಗಳು ಬಿಸಿಲು ಕುದುರೆಯ ಕಣ್ಣಿಗೆ ಹೊಡೆಯದಷ್ಟು ಎತ್ತರದಲ್ಲಿದ್ದವು. ಕಂಬಗಳ ಅಂಚು ಕುದುರೆಗಳು ಮೈ ತಿಕ್ಕಿ ಸವೆದದ್ದೆಂದು ತಿಳಿದಿದ್ದೆ. ಬೆರಳಾಡಿಸಿದರೆ ಉಳಿಯ ಗುರುತು ಸಿಕ್ಕಿತು. ತಿರುಗುವಾಗ ಪಕ್ಕೆ ತಾಗುವ ಎತ್ತರದಲ್ಲಿ ಮಾತ್ರ ಆ ಹಳೆಯ ಕುಟಿಗ ಅಂಚನ್ನು ದುಂಡಗೆ ಮಾಡಿದ್ದ. ತಲೆಯೆತ್ತಿದರೆ ನಮ್ಮೂರ ಚರ್ಚಿಗೂ ಇಲ್ಲದಷ್ಟು ಎತ್ತರದ ಕಮಾನು. ಹದಿನೇಳು ಕುದುರೆಗಳ ಉಸಿರು ಅದರತ್ತ ಮೇಲೇರುತ್ತಿತ್ತು. ಇಷ್ಟೆಲ್ಲ ಮಾಡಿದವನು ಎಲ್ಲಿಯೂ ತನ್ನ ಹೆಸರು ಕೆತ್ತಿರಲಿಲ್ಲ. ನಾನು ಮಾತ್ರ ನಾನು ಹಾಸಿದ ನೆಲದಲ್ಲಿ, ಬಾಗಿಲ ಪಕ್ಕದ ಕಲ್ಲಿನ ಮೇಲೆ ನನ್ನದನ್ನು ಆಗಲೇ ಕೆತ್ತಿಯಾಗಿತ್ತು.

ಆ ಕಲ್ಲನ್ನೇ ಮೊದಲು ಕಿತ್ತೆ. ಶುಕ್ರವಾರ ಕತ್ತಲಾಗುವವರೆಗೆ, ನೀರು ಸುರಿದು ನೋಡುತ್ತ ನೋಡುತ್ತ ಮತ್ತೆ ಹಾಸಿದೆ.

ಶನಿವಾರ ಬೆಳಗ್ಗೆ ವೈದ್ಯರು ಕೋವಿ ಹಿಡಿದೇ ಬಂದರು. ಡ್ಯಾಮ್ಸನ್ ಕುಂಟುತ್ತ ಒಳಗೆ ಹೋದಳು, ಹುಲ್ಲು ಮೂಸಿದಳು, ಒಂದು ಸುತ್ತು ತಿರುಗಿದಳು. ಆಮೇಲೆ ಮೊಣಕಾಲು ಮಡಚಿ ಮಲಗಿಬಿಟ್ಟಳು. ವೈದ್ಯರು ಕೆಳಗಿನ ಒಣ ಕಲ್ಲನ್ನು ಮುಟ್ಟಿ ನೋಡಿ, ಕೋವಿಯನ್ನು ಕಾರಿನಲ್ಲಿಟ್ಟು ಬಂದರು.

ಸೆಥ್ ತಾತ ಟೋಪಿ ತೆಗೆದ.

"ಅಯ್ಯೋ, ಬಿಡಿ ತಾತ," ಎಂದೆ.

"ನಿಂಗಲ್ಲಯ್ಯ," ಎಂದ ಅವನು, ಕಮಾನಿನ ಕಡೆ ನೋಡುತ್ತ.

ನಾನೂ ನನ್ನ ಟೋಪಿ ತೆಗೆದೆ.